ಗುರುತು ಇಲ್ಲದ ಇಟ್ಟಿಗೆ

ಬೀದಿಯ ಕೊನೆಯಲ್ಲಿ ಒಂದು ಹಳದಿ ಕಟ್ಟಡ. ಮೂರು ಕೋಣೆ, ಒಂದು ಪಡಸಾಲೆ. ನೆಲದಡಿಯಿಂದ ಅಗೆದು ತೆಗೆದ ಮಡಕೆ ಚೂರು, ಮಣಿ, ಇಟ್ಟಿಗೆ, ಮುರಿದ ಕಲ್ಲುಗಳನ್ನು ಅಲ್ಲಿ ಜೋಡಿಸಿಟ್ಟಿದ್ದಾರೆ. ಬೀದಿಯ ಜನ ದಿನವೂ ಅದರ ಮುಂದೆ ಹಾದುಹೋಗುತ್ತಾರೆ. ಮಳೆ ಬಂದರೆ ಅದರ ಸೂರಿನ ಕೆಳಗೆ ನಿಲ್ಲುತ್ತಾರೆ, ಮಳೆ ನಿಂತರೆ ಹೊರಡುತ್ತಾರೆ. ಒಳಗೆ ಕಾಲಿಟ್ಟವರನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು.

"ಅದು ವಸ್ತು ಸಂಗ್ರಹಾಲಯ ಅಲ್ಲ ಕಣ್ರಪ್ಪಾ, ಸುಸ್ತು ಸಂಗ್ರಹಾಲಯ" ಎನ್ನುತ್ತಿದ್ದರು ಮೇಸ್ತ್ರಿ.

ಮೇಸ್ತ್ರಿ ಎಂದರೆ ಗಾರೆ ಕೆಲಸದ ಮೇಸ್ತ್ರಿ. ಆ ಬೀದಿಯ ಅರ್ಧ ಗೋಡೆಗಳು ಎದ್ದದ್ದು ಅವರ ಕೈಯಿಂದ. ಎರಡು ವರ್ಷದಿಂದ ಕಣ್ಣು ಕೈಕೊಟ್ಟಿತ್ತು. ಮೊದಲು ಅಂಚು ಮಸುಕಾಯಿತು, ಆಮೇಲೆ ನಡುವೂ ಮುಚ್ಚಿತು. ಈಗ ಬಾಗಿಲು ಯಾವ ಕಡೆ, ಗೋಡೆ ಯಾವ ಕಡೆ ಎಂಬಷ್ಟು ಬೆಳಕು ಮಾತ್ರ ಉಳಿದಿತ್ತು. ಆದರೆ ಕಿವಿ, ನಾಲಗೆ ಎರಡೂ ಚುರುಕು. ಒಮ್ಮೆ ಕೇಳಿದ ದನಿಯನ್ನು ಮರೆಯುವವರಲ್ಲ, ಕೇಳಿದ ಹಾಗೆಯೇ ಆಡಿ ತೋರಿಸುತ್ತಿದ್ದರು. ಕಣ್ಣಿನ ಡಾಕ್ಟರು "ನರ ಒಣಗಿದೆ, ಧೈರ್ಯ ಒಣಗಬಾರದು" ಎಂದದ್ದನ್ನು ಅವರು ಆಡಿ ತೋರಿಸಿದರೆ ಹೆಂಡತಿಗೆ ನಗುವೂ ಬರುತ್ತಿತ್ತು, ಕಣ್ಣೀರೂ ಬರುತ್ತಿತ್ತು.

ಪಕ್ಕದ ಮನೆಯಾಕೆಗೆ ಆರು ತಿಂಗಳ ಹಿಂದೆ ಅದೇ ಸಂಗ್ರಹಾಲಯದಲ್ಲಿ ಟಿಕೆಟ್ ಕೊಡುವ ಕೆಲಸ ಸಿಕ್ಕಿತ್ತು. ಅಂದಿನಿಂದ ಮೇಸ್ತ್ರಿ ಆಕೆಗೆ ಇಟ್ಟ ಹೆಸರು ಚೀಟಿಯಕ್ಕ. ಒಂದು ಸಂಜೆ ಆಕೆ ಕೆಲಸ ಮುಗಿಸಿ ಬರುವಾಗ ಮೇಸ್ತ್ರಿ ಮನೆಯ ಮೆಟ್ಟಿಲ ಮೇಲೆ ಕೂತಿದ್ದರು. ಚಪ್ಪಲಿಯ ಸದ್ದಿಗೇ ಗುರುತು ಹಿಡಿದು, ಗಂಟಲು ದಪ್ಪ ಮಾಡಿ ಗದರಿದರು:

"ಏಯ್! ಮುಟ್ಟಬೇಡ್ರೀ! ಅಲ್ಲೇ ಬರ್ದಿದೆಯಲ್ಲ, ಕಣ್ಣು ಕಾಣಲ್ವಾ?"

ಚೀಟಿಯಕ್ಕ ಬೆಚ್ಚಿದಳು. "ಯಾರು ಮಾವ ಇದು?"

"ನಿಮ್ಮ ಕಾವಲುಗಾರ ಕಣಮ್ಮಾ. ಎಂಟು ವರ್ಷದ ಹಿಂದಿನವನು. ನನ್ನ ಇಟ್ಟಿಗೆ ಹುಡುಕ್ಕೊಂಡು ಹೋಗಿದ್ದೆ. ಕಟ್ಟೆ ಮೇಲೆ ಒಂದಷ್ಟು ಜೋಡಿಸಿಟ್ಟಿದ್ರು. ನನ್ನದು ಇದೆಯಾ ಅಂತ ಒಂದನ್ನ ತಿರುಗಿಸಿ ನೋಡಿದೆ, ಅಷ್ಟೇ. ಆಗ ಕಣ್ಣು ಚೆನ್ನಾಗೇ ಕಾಣ್ತಿತ್ತು. ಅವನು ಅಂದ ಮೇಲೆ ನೋಡು, ಹೋಯ್ತು. ಬಾಯಿಗೆ ಅಷ್ಟು ಶಕ್ತಿ!"

"ನಿಮ್ಮ ಇಟ್ಟಿಗೆ ಅಂದ್ರೆ?"

ಮೇಸ್ತ್ರಿ ಮುಖವನ್ನು ಬೀದಿಯ ಕಡೆ ತಿರುಗಿಸಿದರು. ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ನಿಧಾನವಾಗಿ ಹೇಳಿದರು.

ಮೂವತ್ತೆಂಟು ವರ್ಷದ ಹಿಂದಿನ ಮಾತು. ಒಂದು ಮನೆಗೆ ಪಾಯ ಅಗೆಯುತ್ತಿದ್ದಾಗ ಮೇಸ್ತ್ರಿಯ ಗುದ್ದಲಿಗೆ ಒಂದು ಅಗಲವಾದ ಹಳೆಯ ಇಟ್ಟಿಗೆ ಸಿಕ್ಕಿತು. ಅದರ ಮೇಲೆ ಒಂದು ಪುಟ್ಟ ಕೈ ಅಚ್ಚೊತ್ತಿತ್ತು. ಎಷ್ಟೋ ನೂರು ವರ್ಷದ ಕೆಳಗೆ, ಹಸಿ ಇಟ್ಟಿಗೆಯನ್ನು ಬಿಸಿಲಿಗೆ ಹರವಿದ್ದಾಗ, ಯಾವುದೋ ಮಗು ಅಂಗೈ ಒತ್ತಿ ಓಡಿಹೋಗಿತ್ತು. ಅವತ್ತು ಇವರು ಗಂಡನಿಗೆ ಊಟ ತಂದಿದ್ದರು, ಜೊತೆಗೆ ನಾಲ್ಕು ವರ್ಷದ ಮಗಳು. ಗುಬ್ಬಿ ಎಂದು ಕರೆಯುತ್ತಿದ್ದರು. ಗುಬ್ಬಿ ಕೂತು ಆ ಗುರುತಿನೊಳಗೆ ತನ್ನ ಕೈ ಇಟ್ಟಳು. ಬೆರಳಿಗೆ ಬೆರಳು ಕೂತಿತು. "ಅಪ್ಪಾ, ಇದು ನಂದು" ಎಂದಳು.

ಮೇಸ್ತ್ರಿ ಇಟ್ಟಿಗೆಯನ್ನು ಸಂಗ್ರಹಾಲಯಕ್ಕೆ ಕೊಟ್ಟುಬಂದರು. ಅದೇ ವರ್ಷ ಜ್ವರ ಬಂದು ಗುಬ್ಬಿ ಹೋದಳು.

"ಒಂದು ಫೋಟೋನೂ ಇಲ್ಲಮ್ಮ" ಎಂದರು ಆಕೆ. "ಶಾಲೆಗೆ ಸೇರಿಸುವಾಗ ತೆಗೆಸೋಣ ಅಂದ್ಕೊಂಡಿದ್ವಿ. ಕಣ್ಣು ಕಾಣೋವರೆಗೆ ಇವರಿಗೆ ಅವಳ ಮುಖ ನೆನಪಲ್ಲಿತ್ತಂತೆ. ಈಗ ಅದೂ ಮಸುಕಾಗ್ತಿದೆ ಅಂತಾರೆ. ಆ ಕೈ ಅಳತೆ ಒಂದು ಸಿಕ್ಕಿದ್ರೆ ಸಾಕು ಅಂತ..."

"ಸಾಕು ಮಾಡೇ" ಎಂದರು ಮೇಸ್ತ್ರಿ. "ಕಣ್ಣಿದ್ದಾಗ ಮುಟ್ಟೋಕೆ ಬಿಡದವರು ಈಗ ಬಿಡ್ತಾರಾ?"

ಚೀಟಿಯಕ್ಕ ಮೆಟ್ಟಿಲ ಮೇಲೆ ಪಕ್ಕದಲ್ಲೇ ಕೂತಳು. "ಬಿಡ್ತಾರೆ ಮಾವ. ಬಾಗಿಲ ಪಕ್ಕ ದೊಡ್ಡ ಹಲಗೆ ಹಾಕಿದಾರೆ. 'ಬಂದವರಿಗೆ ನಮ್ಮ ಮಾತು' ಅಂತ."

"ಬೋರ್ಡಿನ ಮಾತು ಬೋರು ಹೊಡಿಸೋಕೆ."

"ಕೇಳಿ ಮೊದಲು. ಕಣ್ಣು ಕಾಣದವರು, ಅವರ ಜೊತೆಗೆ ಬಂದವರೊಬ್ಬರು, ತಿಂಗಳ ಮೊದಲ ಮಂಗಳವಾರ ಕೆಲವು ವಸ್ತುಗಳನ್ನ ಮುಟ್ಟಿ ನೋಡಬಹುದು. ಮೊದಲೇ ಅರ್ಜಿ ಕೊಡಬೇಕು. ಅರ್ಜಿ ಬಂದ ಕೂಡಲೇ ಬಂತು ಅಂತ ಚೀಟಿ ಕೊಡ್ತಾರೆ. ಏಳು ದಿನದೊಳಗೆ ಉತ್ತರ ಬರುತ್ತೆ. ಆಗಲ್ಲ ಅಂದ್ರೂ ಯಾಕೆ ಆಗಲ್ಲ ಅಂತ ಬರೆದೇ ಕೊಡಬೇಕು."

"ಆಹಾ! ಇಲ್ಲ ಅನ್ನೋದನ್ನೂ ಬರವಣಿಗೇಲಿ ಕೊಡ್ತಾರಾ? ಭಾರಿ ಮರ್ಯಾದೆ."

"ನಡೆಯೋಕೆ ಆಗದವರಿಗೆ ಗಾಲಿ ಕುರ್ಚಿ. ಎಲ್ಲರಿಗೂ ಕುಡಿಯೋ ನೀರು, ಶೌಚಾಲಯ. ಓದೋಕೆ ಬಾರದವರಿಗೆ ವಿವರ ಹೇಳೋರು ಬರ್ತಾರೆ, ಅದಕ್ಕೆ ಬೇರೆ ದುಡ್ಡಿಲ್ಲ."

"ಹಾಗಾದ್ರೆ ಮುಟ್ಟಬೇಡಿ ಅಂತ ಯಾಕೆ ಬರೆದಿದಾರೆ?"

"ಅದೂ ನಿಜವೇ ಮಾವ. ನಮ್ಮ ಕೈಯ ಬೆವರು, ಎಣ್ಣೆ ದಿನಾ ಸೋಕಿದ್ರೆ ಹಳೇ ವಸ್ತು ಸವೆದುಹೋಗುತ್ತೆ. ನೀವೇ ಹೇಳಿ, ಹಸಿ ಗಿಲಾವಿನ ಮೇಲೆ ಬಂದೋರೆಲ್ಲ ಕೈ ಇಟ್ರೆ ಸುಮ್ನಿರ್ತಿದ್ರಾ?"

ಮೇಸ್ತ್ರಿ ನಕ್ಕರು. "ಕರಣೆ ತಗೊಂಡು ಓಡಿಸ್ತಿದ್ದೆ."

"ಅದಕ್ಕೇ ಒಂದು ದಿನ, ಒಂದು ಕ್ರಮ. ಕಾವಲುಗಾರ ಹೇಳಿದ್ದು ತಪ್ಪಲ್ಲ, ಹೇಳಿದ ರೀತಿ ತಪ್ಪು."

ಮರುದಿನ ಮೇಸ್ತ್ರಿ ಹೇಳಿದಂತೆ ಚೀಟಿಯಕ್ಕ ಅರ್ಜಿ ಬರೆದಳು. "ಕೈ ಗುರುತಿರುವ ಇಟ್ಟಿಗೆ" ಎಂದು ಎರಡು ಸಲ ಬರೆಸಿದರು. ಕೊಟ್ಟ ದಿನವೇ ಚೀಟಿ ಬಂತು. ಹೆಂಡತಿ ಓದಿದರು: "ತಮ್ಮ ಅರ್ಜಿ ಮುಟ್ಟಿದೆ."

"ನೋಡಿದ್ಯಾ! ಮುಟ್ಟಬೇಕಾದವನು ನಾನು, ಮುಟ್ಟಿದ್ದು ಅರ್ಜಿ!" ಎಂದು ಮೇಸ್ತ್ರಿ ನಕ್ಕರು. ಆದರೂ ಚೀಟಿಯನ್ನು ನಾಲ್ಕಾಗಿ ಮಡಿಸಿ ಜೇಬಿನಲ್ಲಿ ಇಟ್ಟುಕೊಂಡರು.

ಏಳು ದಿನವಾಯಿತು. ಎಂಟಾಯಿತು. ಒಂಬತ್ತನೆಯ ದಿನ ಬೆಳಿಗ್ಗೆ, ಕೆಲಸಕ್ಕೆ ಹೊರಟ ಚೀಟಿಯಕ್ಕನ ಚಪ್ಪಲಿ ಸದ್ದು ಮೆಟ್ಟಿಲ ಹತ್ತಿರ ಬಂದು ನಿಂತಿತು.

"ಸಪ್ಪಗೆ ನಡೀತಿದೀಯಲ್ಲ" ಎಂದರು ಮೇಸ್ತ್ರಿ. ಈ ಸಲ ಅವರ ದನಿಯಲ್ಲಿ ಯಾರ ಅಣಕವೂ ಇರಲಿಲ್ಲ. "ನಿನ್ನ ತಪ್ಪಲ್ಲ ಬಿಡಮ್ಮ. ಬೋರ್ಡಿಗೆ ಬಾಯಿ ಇದೆ, ಕಿವಿ ಇಲ್ಲ."

"ಇದೆ ಮಾವ. ಹೇಳಿದ ದಿನಕ್ಕೆ ಉತ್ತರ ಬರಲಿಲ್ಲ ಅಂದ್ರೆ ನೇರವಾಗಿ ಅಧಿಕಾರಿ ಹತ್ತಿರ ಹೋಗಿ ಕೇಳಿ, ದೂರಿನ ಪುಸ್ತಕದಲ್ಲಿ ಬರೀರಿ ಅಂತ ಅದೇ ಹಲಗೆಯ ಕೊನೇಲಿದೆ."

"ನೀನೇ ಒಳಗಿಂದ ಒಂದು ಮಾತು ಹೇಳಿ ಮಾಡಿಸಿಕೊಟ್ರೆ ಆಗಲ್ವಾ?"

"ಆಗುತ್ತೇನೋ. ಆದ್ರೆ ಮಾಡಲ್ಲ" ಎಂದಳು ಚೀಟಿಯಕ್ಕ. "ಪಕ್ಕದ ಮನೇಲಿ ನಾನಿದ್ದೆ, ನಿಮಗೆ ಆಯ್ತು. ನಾನಿಲ್ಲದ ಮನೆಯವರಿಗೆ? ಇದು ಯಾರೋ ತೋರಿಸೋ ದಯೆ ಅಲ್ಲ ಮಾವ. ಅವರು ಕೊಟ್ಟ ಮಾತು. ಮಾತು ಕೊಟ್ಟವರನ್ನ ಕೇಳೋಕೆ ಶಿಫಾರಸು ಯಾಕೆ?"

ಮೇಸ್ತ್ರಿ ಕದಲಲಿಲ್ಲ. ಹೆಂಡತಿ ಒಳಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದರು.

"ನೀವು ಇರಿ. ನಾನು ಹೋಗ್ತೀನಿ. ಅವಳು ನನಗೂ ಮಗಳೇ."

ಮೂವತ್ತೆಂಟು ವರ್ಷದಲ್ಲಿ ಆಕೆ ಈ ಮಾತು ಆಡಿರಲಿಲ್ಲ. ಮೇಸ್ತ್ರಿ ಗೋಡೆ ಹಿಡಿದು ಎದ್ದರು. "ತಡಿಯೇ, ಕೋಲು ಕೊಡು."

ಸಂಗ್ರಹಾಲಯದ ಬಾಗಿಲಿಗೆ ಮೆಟ್ಟಿಲ ಬದಲು ಇಳಿಜಾರು ಮಾಡಿದ್ದರು, ಪಕ್ಕಕ್ಕೆ ಕಂಬಿ. ಮೇಸ್ತ್ರಿ ಕಾಲಲ್ಲೇ ಅಳೆದರು. "ಇಳಿಜಾರು ಪರವಾಗಿಲ್ಲ. ಯಾವನೋ ಕೆಲಸ ಬಲ್ಲವನೇ ಹಾಕಿದಾನೆ."

ಅಧಿಕಾರಿ ಒಬ್ಬ ಹೆಣ್ಣುಮಗಳು. ಇಬ್ಬರಿಗೂ ಕುರ್ಚಿ ಹಾಕಿಸಿ, ಮೊದಲು ಹೇಳಿದ್ದು ಇದನ್ನೇ: "ಎರಡು ದಿನ ತಡವಾಗಿದೆ. ತಪ್ಪು ನಮ್ಮದು. ದೂರಿನ ಪುಸ್ತಕ ಇಲ್ಲಿದೆ, ದಯವಿಟ್ಟು ಬರೆಸಿ."

ಜಗಳಕ್ಕೆ ಸಜ್ಜಾಗಿ ಬಂದಿದ್ದ ಮೇಸ್ತ್ರಿ ಕೋಲನ್ನು ಕುರ್ಚಿಗೆ ಒರಗಿಸಿದರು.

"ಆದರೆ ಯಜಮಾನರೇ" ಎಂದರು ಅಧಿಕಾರಿ, "ನೀವು ಹೇಳಿದ ಇಟ್ಟಿಗೆ ನಮ್ಮಲ್ಲಿ ಇಲ್ಲ. ಉಗ್ರಾಣವೆಲ್ಲ ಹುಡುಕಿಸಿದ್ದಕ್ಕೇ ತಡವಾದದ್ದು. ಕೈ ಗುರುತು ಅಂತ ಯಾವ ಇಟ್ಟಿಗೆಯೂ ದಾಖಲೆಯಲ್ಲಿ ಇಲ್ಲ. ನೀವು ಅರ್ಜಿಯಲ್ಲಿ ಬರೆಸಿದ ವರ್ಷ ಬಂದ ಇಟ್ಟಿಗೆ ಒಂದೇ. ಓದ್ತೀನಿ ಕೇಳಿ. 'ಇಟ್ಟಿಗೆ ಒಂದು. ಗಾರೆ ಕೆಲಸದವನು ತಂದು ಕೊಟ್ಟದ್ದು. ಗುರುತು ಇಲ್ಲ.'"

ಮೇಸ್ತ್ರಿಯ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡರು.

ಮೇಸ್ತ್ರಿ ತಲೆ ತಗ್ಗಿಸಿ ಕೂತಿದ್ದರು. ಇದ್ದಕ್ಕಿದ್ದಂತೆ ಅವರ ಗಂಟಲಿನಿಂದ ಬೇರೊಬ್ಬರ ದನಿ ಬಂತು. ಮೂಗಿನಲ್ಲಿ ಮಾತಾಡುವ, ನಡುನಡುವೆ ಎಲ್ಲಿಯೋ ನೋಡುತ್ತಾ ಪ್ರಶ್ನೆ ಕೇಳುವ ಅಂದಿನ ಗುಮಾಸ್ತನ ದನಿ.

"ಏನಯ್ಯಾ ತಂದಿದೀ? ಇಟ್ಟಿಗೆಯೋ? ಮೇಜಿನ ಮೇಲಿಡು. ಧೂಳು ಬೀಳಿಸಬೇಡ. ನಿನ್ನ ಕೆಲಸ? ಗಾರೆ ಕೆಲಸ. ಹ್ಞೂಂ... ಗುರುತು? ಗುರುತು ಇದೆಯೇನಯ್ಯಾ?"

ಆಮೇಲೆ ಒಬ್ಬ ಹರೆಯದ ಕೂಲಿಯವನ ದನಿ, ಹೆದರಿದ್ದು: "ಇಲ್ಲ ಸ್ವಾಮಿ. ಗುರುತಿನ ಚೀಟಿ ಮನೇಲಿದೆ. ಇಲ್ಲಿ ನನ್ನ ಗುರುತು ಇರೋರೂ ಯಾರೂ ಇಲ್ಲ."

ಮತ್ತೆ ಮೂಗಿನ ದನಿ: "ಗುರುತು... ಇಲ್ಲ. ಆಯ್ತು, ಹೋಗು."

ಅಧಿಕಾರಿಯ ಕೈಯಲ್ಲಿದ್ದ ಹಾಳೆ ಹಾಗೇ ನಿಂತಿತು.

"ಗುರುತು ಇಲ್ಲದ್ದು ನನಗೆ ಮೇಡಂ" ಎಂದರು ಮೇಸ್ತ್ರಿ, ತಮ್ಮದೇ ದನಿಯಲ್ಲಿ. "ಇಟ್ಟಿಗೆಗಲ್ಲ."

ಗುರುತು ಇಲ್ಲದ ಇಟ್ಟಿಗೆಗಳು ಉಗ್ರಾಣದ ಕೆಳಗಿನ ಕಪಾಟಿನಲ್ಲಿ ಬೇರೆಯೇ ಇದ್ದವು. ಗುರುತು ಇಲ್ಲ ಎಂದು ಬರೆದ ಮೇಲೆ ತಿರುಗಿಸಿ ನೋಡುವವರು ಯಾರು? ತಿರುಗಿಸಿ ನೋಡಲು ಬಂದವನನ್ನೂ ಗದರಿಸಿ ಕಳಿಸಿದ್ದಾಗಿತ್ತು.

ಮುಂದಿನ ಮಂಗಳವಾರವೇ ತಿಂಗಳ ಮೊದಲ ಮಂಗಳವಾರ. ಹೇಳಿದ ಹೊತ್ತಿಗೆ ಸಂಗ್ರಹಾಲಯದವರು ಬಾಗಿಲಲ್ಲಿ ಕಾಯುತ್ತಿದ್ದರು. ಮೇಸ್ತ್ರಿ ಕೈ ತೊಳೆದು, ಒರೆಸಿ, ಬೆರಳಿನ ಉಂಗುರ ತೆಗೆದು ಹೆಂಡತಿಗೆ ಕೊಟ್ಟರು. ಮೆತ್ತನೆಯ ಬಟ್ಟೆ ಹಾಸಿದ ಮೇಜಿನ ಮೇಲೆ ಐದು ಇಟ್ಟಿಗೆಗಳಿದ್ದವು. ಅವುಗಳಿಗೆ ಅಂಟಿಸಿದ್ದ ಚೀಟಿಗಳೆಲ್ಲ ಎಂದೋ ಉದುರಿಹೋಗಿದ್ದವು. ಯಾವುದು ಯಾವಾಗ ಬಂದದ್ದೆಂದು ಯಾರಿಗೂ ತಿಳಿಯದು.

"ನಾವು ತಿರುಗಿಸಿ ನೋಡಲಿಲ್ಲ" ಎಂದರು ಅಧಿಕಾರಿ. "ಮೊದಲು ನೀವೇ."

ಮೇಸ್ತ್ರಿ ಒಂದೊಂದರ ಮೇಲೂ ಅಂಗೈ ಆಡಿಸಿದರು. "ಇದು ಹೆಚ್ಚು ಬೆಂದಿದೆ... ಇದರ ಮಣ್ಣಲ್ಲಿ ಮರಳು ಜಾಸ್ತಿ... ಇದಲ್ಲ." ನಾಲ್ಕನೆಯದರ ಮೂಲೆಯಲ್ಲಿ ಅವರ ಹೆಬ್ಬೆರಳು ನಿಂತಿತು. "ಇಲ್ಲಿ ಚಕ್ಕೆ ಎದ್ದಿದೆ. ನನ್ನ ಗುದ್ದಲಿ ಪೆಟ್ಟು."

ಇಬ್ಬರು ಹಿಡಿದು ಅದನ್ನು ಮೆಲ್ಲಗೆ ಮಗುಚಿದರು. ಅಧಿಕಾರಿ ಮೆತ್ತನೆಯ ಕುಂಚದಿಂದ ಮಣ್ಣು ಸರಿಸಿದರು. ಕಂಡವರೆಲ್ಲ ಸುಮ್ಮನಾದದ್ದರಿಂದಲೇ ಮೇಸ್ತ್ರಿಗೆ ತಿಳಿಯಿತು.

ಅವರ ಕೈ ಆ ಗುರುತಿನೊಳಗೆ ಹಿಡಿಸಲಿಲ್ಲ. ಜೀವಮಾನವೆಲ್ಲ ಕಲ್ಲು ಹೊತ್ತ ಕೈ. ಬೆರಳ ತುದಿಗಳನ್ನಷ್ಟೇ ಒಳಗೆ ಇಟ್ಟು, ಒಂದೊಂದು ಪುಟ್ಟ ಬೆರಳಿನ ಹಳ್ಳವನ್ನೂ ತಡವಿದರು. ಕಿರುಬೆರಳಿಗೆ ಬಂದಾಗ ತುಂಬ ಹೊತ್ತು ಅಲ್ಲೇ ಇದ್ದರು. ಆಮೇಲೆ ಗಾಳಿಯಲ್ಲಿ ತಡಕಾಡಿ ಹೆಂಡತಿಯ ಕೈ ಹಿಡಿದು ತಂದು, ಅದರ ಮೇಲಿಟ್ಟರು.

"ನೋಡೇ" ಎಂದರು. "ಒಂದು ಚೂರೂ ಬೆಳೆದಿಲ್ಲ."

ಆಕೆ ಕೈ ತೆಗೆಯಲಿಲ್ಲ.

"ಕಳೆದೂ ಇಲ್ಲವಲ್ಲ" ಎಂದರು.

ಈಗ ಆ ಇಟ್ಟಿಗೆ ಎರಡನೆಯ ಕೋಣೆಯಲ್ಲಿದೆ. ಕೊಟ್ಟವರ ಹೆಸರೂ ಕಸುಬೂ ಪಕ್ಕದ ಚೀಟಿಯ ಮೇಲಿದೆ. ತಿಂಗಳ ಮೊದಲ ಮಂಗಳವಾರ ಮೇಸ್ತ್ರಿ ಬಾಗಿಲ ಬಳಿ ಕೂತು, ಓದಲು ಬಾರದವರಿಗೂ ಕಣ್ಣು ಕಾಣದವರಿಗೂ ಹಲಗೆಯಲ್ಲಿ ಏನಿದೆ ಎಂದು ಬಾಯಲ್ಲೇ ಹೇಳುತ್ತಾರೆ. ಕೊನೆಯ ಸಾಲನ್ನು ಮಾತ್ರ ಹಳೆಯ ಕಾವಲುಗಾರನ ದನಿಯಲ್ಲಿ ಗದರಿ ಹೇಳುತ್ತಾರೆ: "ಏಯ್! ಮಾತು ತಪ್ಪಿದ್ರೆ ಸುಮ್ನಿರಬೇಡ್ರೀ! ಕೇಳ್ರೀ!"

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಕ್ಕ ಅಣ್ಣಂದಿರೇ, ನಿಮ್ಮ ಬೀದಿಯ ಕೊನೆಯಲ್ಲೂ ಅಂಥ ಒಂದು ಕಟ್ಟಡ ಇರಬಹುದು. ಮಳೆಗಾಗಿ ಕಾಯದೆ ಒಮ್ಮೆ ಒಳಗೆ ಹೋಗಿ. ಬಂದವರಿಗೆ ಏನು ಮಾತು ಕೊಟ್ಟಿದ್ದಾರೆ ಎಂದು ಕೇಳಿ. ಹಲಗೆ ಇಲ್ಲದಿದ್ದರೆ ಯಾಕಿಲ್ಲ ಎಂದು ಕೇಳಿ. ಮುಟ್ಟಬಾರದ್ದನ್ನು ಮುಟ್ಟಬೇಡಿ. ಮುಟ್ಟಲೇಬೇಕಾದ ಕಾರಣವಿದ್ದರೆ ಅರ್ಜಿ ಕೊಟ್ಟು, ಮುಟ್ಟಿತೆಂಬ ಚೀಟಿ ಪಡೆಯಿರಿ. ಪಾಯ ಅಗೆಯುವಾಗ, ಹೊಲ ಉಳುವಾಗ ಹಳೆಯದೇನಾದರೂ ಸಿಕ್ಕಿದರೆ ತಂದು ಒಪ್ಪಿಸಿ. ಒಪ್ಪಿಸಿದ ಮೇಲೆ, ಅವರು ಏನು ಬರೆದುಕೊಂಡರೆಂದು ಓದಿಸಿ ಕೇಳದೆ ಮಾತ್ರ ಮನೆಗೆ ಬರಬೇಡಿ. ಎಷ್ಟೋ ನೂರು ವರ್ಷ ಮಣ್ಣಿನಡಿ ಅಳಿಯದೆ ಉಳಿದ ಒಂದು ಪುಟ್ಟ ಕೈ, ಎರಡು ಪದದ ಕೆಳಗೆ ಮೂವತ್ತೆಂಟು ವರ್ಷ ಹೂತುಹೋಗಿತ್ತು.