ಬಲದ ಬಟ್ಟಲು, ಎಡದ ಗುಂಡು

“ಏಳನೇತ್ತಾ ಪಾಸಾಗಲಾರದಾಂವ ನೀ ನನಗ ಎಲುಬು ಕಲಿಸ್ತಿಯೇನಲೇ? ನಿನ್ನ ಇಟಗೊಂಡಿದ್ದು ಧೂಳಾ ಒರಸಾಕ. ಬಾಯಿ ಮುಚಗೊಂಡು ಅದನ್ನ ಮಾಡು.”

ಮಹಾದೇವ ಸರ್ ಹೀಗಂದದ್ದು ಹನ್ನೆರಡು ಮಂದಿ ಹುಡುಗ ಹುಡುಗಿಯರ ಎದುರಿಗೆ. ಇಬ್ಬರು ಪುಸ್ತಕ ಅಡ್ಡ ಹಿಡಿದು ನಕ್ಕರು. ಸಂಪಗಾಂವ ರಸ್ತೆಯ ಆ ಫಿಜಿಯೋಥೆರಪಿ ಕಾಲೇಜಿನಲ್ಲಿ ಎಲುಬಿನ ಕೋಣೆಯ ಅಟೆಂಡರ್ ಕಾಂತೇಶ. ಅವನ ಕಿವಿ ಕೆಂಪೇರಿದವು. ಅವನು ಅಂದದ್ದಾದರೂ ಏನು? “ಸರ್, ಆಕಿ ಹೇಳೂದು ಖರೆ ಐತ್ರಿ,” ಅಷ್ಟೇ.

ಆಕಿ ಅಂದರೆ ಮನೋಳಿಯ ರಾಜೇಶ್ವರಿ. ಪ್ರಾಕ್ಟಿಕಲ್ ಪರೀಕ್ಷೆ ನಡೆದಿತ್ತು. ಸರ್ ಅವಳ ಕೈಗೆ ಟೊಂಕದ ಎಲುಬೊಂದು, ತೊಡೆಯ ಎಲುಬೊಂದು ಕೊಟ್ಟು ಜೋಡಿಸಿ ತೋರಿಸು ಎಂದಿದ್ದರು. ಅವಳು ತಿರುಗಿಸಿ ಮುರುಗಿಸಿ, “ಕೂಡವಲ್ದು ಸರ್,” ಎಂದಳು. ಎರಡು ಸಲ ಫೇಲಾದವಳು. ಈ ಸಲವೂ ಹೋದರೆ ಕೋರ್ಸು ಬಿಟ್ಟು ಮನೆಗೆ. ಸಾಲಿ ಬಿಡುವುದೆಂದರೆ ಏನಂತ ಕಾಂತೇಶನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಗುಂಡು ಐತಿ, ಬಟ್ಟಲ ಐತಿ. ಯಾಕ ಕೂಡಂಗಿಲ್ಲ?” ಸರ್ ತಾವೇ ತೊಡೆಯೆಲುಬಿನ ಗುಂಡನ್ನು ಟೊಂಕದ ಬಟ್ಟಲಿಗೆ ಒತ್ತಿದರು. ಕುಂತೇಬಿಟ್ಟಿತು. “ನೋಡಿದಿ?” ಎಂದು ಮಾರ್ಕಿನ ಹಾಳೆ ಎಳೆದುಕೊಂಡು ಸೊನ್ನೆ ಬರೆದರು.

ಕಾಂತೇಶ ನಡುವೆ ಬಾಯಿ ಹಾಕಿ ಬೈಸಿಕೊಂಡದ್ದು ಆಗಲೇ. ಈಗ ಅವನು ಮೇಜಿನ ಹತ್ತಿರ ಬಂದ. ಸಿಟ್ಟೇನೋ ಇತ್ತು. ಆದರೆ ಎಲುಬು ಹಿಡಿದರೆ ಅವನ ಕೈಗೆ ಸಿಟ್ಟು ಬರುತ್ತಿರಲಿಲ್ಲ. ಅಜ್ಜ ಹನುಮಪ್ಪನ ಕೈ ಅದು. ತಮ್ಮೂರು ತೊರಗಲ್ಲಿನಲ್ಲಿ ಯಾರ ಮನೆಯ ಎತ್ತು ಸತ್ತರೂ ಸುಲಿಯಲು ಕರೆ ಬರುತ್ತಿದ್ದುದು ಅಜ್ಜನಿಗೆ. ತೊಡೆಯ ಸಂದಿಯನ್ನು ಹೆಬ್ಬೆರಳಲ್ಲೇ ಹುಡುಕಿ, ಬಟ್ಟಲೊಳಗೆ ಗುಂಡನ್ನು ಹಿಡಿದಿರುವ ಗಿಡ್ಡ ನಾರೊಂದನ್ನು ಕೊಯ್ದರೆ ಟಪ್ಪಂತ ಇಡೀ ಕಾಲು ಬೇರೆ. “ಕಣ್ಣ ಮುಚಗೊಂಡು ಹೇಳು, ಎಡದ್ದೋ ಬಲದ್ದೋ,” ಎಂದು ಮೊಮ್ಮಗನ ಕೈಗೆ ಎಲುಬು ಕೊಡುತ್ತಿದ್ದ.

“ಕುಂತೈತ್ರಿ ಸರ್. ಈಗ ಮನಶ್ಯಾನ್ನ ನಿಂದ್ರಸೂಣ್ರಿ.” ಎರಡನ್ನೂ ಕೂಡಿಸಿ ಹಿಡಿದು ನೆಟ್ಟಗೆ ಎತ್ತಿದ. ತೊಡೆಯೆಲುಬಿನ ಹಿಂದೆ ಉಬ್ಬಿರಬೇಕಾದ ಉದ್ದನೆಯ ಏಣು ಮುಂದೆ ಬಂದಿತ್ತು. “ಇಂವಾ ಬೈಲಹೊಂಗಲಕ್ಕ ಹೊಂಟ್ರ ಮಣಕಾಲು ಹಿಂದಕ್ಕ ಸಂಪಗಾಂವ ಕಡೆ ಮಡಚತೈತ್ರಿ. ಟೊಂಕ ಬಲದ್ದು, ತೊಡಿ ಎಡದ್ದು.”

ಈ ಸಲ ಎಲ್ಲರೂ ಪುಸ್ತಕ ಅಡ್ಡ ಹಿಡಿಯದೆ ನಕ್ಕರು. ಕಾಂತೇಶ ಪೆಟ್ಟಿಗೆಯಿಂದ ಬಲಗಾಲಿನದನ್ನು ತೆಗೆದು ರಾಜೇಶ್ವರಿಗೆ ಕೊಟ್ಟ. “ಹಚ್ಚರಿ ಅಕ್ಕಾರ.” ಅವಳು ಹಚ್ಚಿದಳು. ಏಣು ಹಿಂದೆ, ಮಣಕಾಲು ಮುಂದೆ. ಮುಂದಕ್ಕೆ, ಪಕ್ಕಕ್ಕೆ, ಸುತ್ತಲೂ ಗುಂಡು ಸಲೀಸಾಗಿ ತಿರುಗಿತು.

ಮಹಾದೇವ ಸರ್ ಮಾರ್ಕಿನ ಹಾಳೆ ಮತ್ತೆ ಎಳೆದುಕೊಂಡರು. ಸೊನ್ನೆ ಹೊಡೆದುಹಾಕಿ ಪಾಸಿನ ಅಂಕ ಬರೆದರು. ರಾಜೇಶ್ವರಿ ಹಾಳೆಯಲ್ಲಿನ ಆ ಅಂಕವನ್ನು ಬಗ್ಗಿ ನೋಡಿದಳು.

“ಚಲೋ ಹೇಳಿದೆಪಾ ಕಾಂತೇಶ,” ಎಂದರು ಸರ್. ಹೆಸರು ಹಿಡಿದು ಕರೆದದ್ದು ಅದೇ ಮೊದಲು. ದನಿ ಬೆಣ್ಣೆಯ ಹಾಗಿತ್ತು. “ರಕ್ತದಾಗ ಇರಬೇಕು ಇದು. ಅಂದಂಗ, ನೀವು ಯಾರ ಪೈಕಿ?”

ಜಾತಿ ಕೇಳುವುದಕ್ಕೆ ಈ ಕಡೆಯ ಮೆತ್ತಗಿನ ಮಾತು ಅದು. ಹನ್ನೆರಡು ಮುಖಗಳೂ ಅವನ ಕಡೆ ತಿರುಗಿದವು.

ಕಾಂತೇಶ ಎಡದ ಎಲುಬನ್ನು ಎಡದ ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದ. ಸಾಲು ಬೆಂಚುಗಳ ನಡುವೆ ಹಾದು, ಬಾಗಿಲು ದಾಟಿ, ಬಿಸಿಲಿಗೆ ಹೋದ.