ಫೆರ್ರಾನ್‌ನ ವಿದಾಯದ ವಾರ

ಸ್ಪೇನಿನ ಗಾಂದಿಯಾ ಊರಿನ ಫೆರ್ರಾನ್ ಹದಿನೈದು ವರ್ಷ ಕೆಂಪು ಮಣ್ಣಿನ ಅಂಕಣಗಳಲ್ಲೇ ಟೆನಿಸ್ ಆಡಿ ಹೊಟ್ಟೆ ಹೊರೆದವನು. ಮೂವತ್ತೈದಕ್ಕೆ ಮಂಡಿ ಕೈಕೊಟ್ಟಾಗ, "ನಮ್ಮೂರಿನ ಟೂರ್ನಿಯಲ್ಲಿ ಸೋತ ದಿನವೇ ಆಟ ನಿಲ್ಲಿಸ್ತೀನಿ" ಎಂದು ಎಲ್ಲರಿಗೂ ಹೇಳಿಬಿಟ್ಟ.

ಕ್ಲಬ್ಬಿನ ಅಡುಗೆ ನೋಡಿಕೊಳ್ಳುವ ಸೋದರತ್ತೆ ಅಂಪಾರೊ ಸೋಮವಾರವೇ ವಿದಾಯದ ಊಟಕ್ಕೆಂದು ಮೊಲದ ಮಾಂಸ ಹಾಕಿ ನಲವತ್ತು ಜನಕ್ಕೆ ಪಾಯೆಯಾ ಎಂಬ ಅನ್ನದ ಅಡುಗೆ ಬೇಯಿಸಿದಳು. ಅವನು ಗೆದ್ದುಬಿಟ್ಟ. ಬುಧವಾರ ಮತ್ತೆ ಬೇಯಿಸಿದಳು, ಗೆದ್ದ; ಗುರುವಾರವೂ ಬೇಯಿಸಿದಳು, ಆಗಲೂ ಗೆದ್ದ.

"ಸೋಲ್ತೀಯೋ ಇಲ್ವೋ, ಸರಿಯಾಗಿ ಹೇಳೋ! ಒಲೆ ಮುಂದೆ ನಿಂತೂ ನಿಂತೂ ನನ್ನ ಸೊಂಟ ಬಿದ್ದುಹೋಯ್ತು" ಎಂದಳು ಅತ್ತೆ.

"ನಂಗೇ ಅರ್ಥ ಆಗ್ತಿಲ್ಲ ಅತ್ತೆ. ಮಂಡಿ ನೋಯ್ತಾನೇ ಇದೆ, ಚೆಂಡು ಮಾತ್ರ ಗೆರೆ ಮೇಲೇ ಬೀಳ್ತಿದೆ."

ಶನಿವಾರ ಸೆಮಿಫೈನಲ್‌ನಲ್ಲಿ ಮೂರು ಗಂಟೆ ಆಡಿ ಸೋತ. ಇಷ್ಟು ಚೆನ್ನಾಗಿ ಆಡಿ ಆರು ವರ್ಷವಾಗಿತ್ತು. ಜನರೆಲ್ಲ ಎದ್ದು ನಿಂತರು. ಕ್ಲಬ್ಬಿನ ಅಧ್ಯಕ್ಷರು ನೆನಪಿನ ಫಲಕ ಕೊಟ್ಟು ಮೈಕ್ ಮುಂದಿಟ್ಟರು.

"ಇವತ್ತು ನಿಲ್ಲಿಸ್ತೀನಿ ಅಂದಿದ್ದೆ" ಎಂದ ಫೆರ್ರಾನ್. "ಸಾಕು ಅಂತಲೂ ಅನ್ನಿಸ್ತಿದೆ, ಇನ್ನೂ ಆಡಬೇಕು ಅಂತಲೂ ಅನ್ನಿಸ್ತಿದೆ. ಯಾವುದು ನಿಜವೋ ಗೊತ್ತಿಲ್ಲ, ಕ್ಷಮಿಸಿ."

ಚಪ್ಪಾಳೆ ತಟ್ಟಬೇಕೋ ಬೇಡವೋ ಜನಕ್ಕೆ ತಿಳಿಯಲಿಲ್ಲ. ಅಧ್ಯಕ್ಷರು ಫಲಕ ವಾಪಸ್ ಕೇಳುವವರಂತೆ ಕೈ ಚಾಚಿ, ಮತ್ತೆ ಹಿಂದಕ್ಕೆ ತೆಗೆದುಕೊಂಡರು.