ಖಡಕ್ ರೊಟ್ಟಿಯ ನಿಯಮ

ಯಾರಾದರೂ ನೋವೆಂದರೆ ಮದ್ದು ಹೇಳದೆ ಸುಮ್ಮನಿರುವುದು ನನ್ನ ಜಾಯಮಾನವಲ್ಲ. ನನಗೇ ಸಂಧಿವಾತ, ಅದಕ್ಕೆ ನನ್ನ ಮದ್ದು ಒಂದೂ ನಾಟಿಲ್ಲ, ಆ ಮಾತು ಬೇರೆ. ಸೊಲ್ಲಾಪುರದ ಆಸ್ಪತ್ರೆಯೊಂದರ ಮಾಳಿಗೆಯಲ್ಲಿ ಬುಧವಾರಕ್ಕೊಮ್ಮೆ, ವಾಸಿಯಾಗದ ಕಾಯಿಲೆಯ ಹೆಂಗಸರು ಸುತ್ತ ಕೂತು ಮನಸ್ಸಿನ ಗಾಯ ಹೇಳಿಕೊಳ್ಳುತ್ತೇವೆ. ನಮ್ಮನ್ನು ಕೂಡಿಸುವವಳು ಪೂನಮ, ನನ್ನ ಮಗಳ ವಯಸ್ಸಿನ ಸಲಹೆಗಾರ್ತಿ. ಸಲಹೆ ಕೊಡಬಾರದು ಎಂಬುದೇ ಅವಳ ಮೊದಲ ನಿಯಮ.

"ಶಾರದಾ ಕಾಕೂ, ಇಲ್ಲಿ ಯಾರೂ ಔಷಧ ಹೇಳಾಂಗಿಲ್ರಿ. ಬರೇ ಕೇಳ್ಬೇಕು," ಎಂದಳು.

"ಬರೇ ಕೇಳಾಕ ನಾ ಏನು ಗ್ವಾಡಿ ಏನವಾ?"

ನಾನೊಬ್ಬಳೇ ಅಲ್ಲ. ಒಬ್ಬಳು ಅತ್ತರೆ ಉಳಿದವರೆಲ್ಲ ಮೆಂತ್ಯ, ನುಗ್ಗೆಸೊಪ್ಪು, ಅಕ್ಕಲಕೋಟೆ ಗುಡಿಯ ಅಂಗಾರದ ವಿಭೂತಿ ಎಂದು ಮುಗಿಬೀಳುತ್ತಿದ್ದೆವು. ಅತ್ತವಳು ಕಣ್ಣೊರೆಸಿಕೊಂಡು ಎಷ್ಟು ಚಮಚ ಎಂದು ಕೇಳುತ್ತಿದ್ದಳು. ಅವಳ ದುಃಖದ ಮಾತು ಅಲ್ಲಿಗೇ ಮುಗಿಯುತ್ತಿತ್ತು.

ಕೊನೆಗೆ ಮಂದ್ರೂಪದ ಉಜ್ವಲಾ, ಸಕ್ಕರೆ ಕಾಯಿಲೆಯವಳು, ಉಪಾಯ ಹೂಡಿದಳು. ಎಲ್ಲರೂ ತಿನ್ನಲೆಂದು ತಾನು ತರುತ್ತಿದ್ದ ಖಡಕ್ ರೊಟ್ಟಿಯ ಬುಟ್ಟಿಯನ್ನು ನಡುವೆ ಇಟ್ಟಳು. "ಯಾರ ನಾಲಿಗಿ ಮ್ಯಾಲ ಔಷಧ ಬರ್ತದ, ಅವ್ರು ಒಂದು ಚೂರು ಬಾಯಾಗ ಹಾಕ್ಕೋರಿ." ಹಪ್ಪಳದಂತೆ ಒಣಗಿದ ಜೋಳದ ರೊಟ್ಟಿ; ಅಗಿದು ಮುಗಿಯುವ ತನಕ ಮಾತಾಡುವಂತಿಲ್ಲ. ಆದರೆ ಸದ್ದು? ನಾನು ನನ್ನ ಮೊಣಕಾಲಿನ ಕಥೆ ತೆಗೆದರೆ ಸುತ್ತಲೂ ಕಟಕಟ. ಕೆಳಗಿನ ವಾರ್ಡಿನ ನರ್ಸ್ ಹತ್ತಿ ಬಂದು ಏನು ಮುರಿಯುತ್ತಿದ್ದೀರಿ ಎಂದು ವಿಚಾರಿಸಿದಳು.

ಏನೂ ಹೇಳದೆ ಉಳಿದವಳು ನಾಗಣಸೂರಿನ ನಂದಾ. ಲೂಪಸ್ ಎಂಬ ಕಾಯಿಲೆ ಅವಳ ಕೆನ್ನೆ ಕೆಂಪಾಗಿಸಿ, ಮೂತ್ರಪಿಂಡಕ್ಕೂ ಕೈ ಹಾಕಿತ್ತು. ವಾರವಾರ ಬಸ್ ಹಿಡಿದು ಬರುವಳು, ಬಾಯಿ ತೆರೆಯುವಳು, ನಮ್ಮ ಕೈ ಬುಟ್ಟಿಗೆ ಹೋಗುವುದನ್ನು ಕಂಡು ಮುಚ್ಚುವಳು.

ಆ ಬುಧವಾರ, "ಇನ್ನ ನಾ ಬರಾಂಗಿಲ್ರಿ ಅಕ್ಕಾ. ಮನ್ಯಾಗೂ ಹೇಳಾಕ ಆಗವಲ್ದು, ಇಲ್ಲೂ ಆಗವಲ್ದು," ಎಂದಳು.

ನಾನು ಬುಟ್ಟಿ ಎಳೆದುಕೊಂಡೆ. ಎಲ್ಲರ ಕೈಗೂ ಒಂದೊಂದು ಚೂರು ಹಂಚಿದೆ. "ಬಾಯಾಗ ಇಟ್ಕೋರಿ. ಅಗದ್ರ ನೋಡ್ರಿ ಮತ್ತ." ಪೂನಮಳನ್ನೂ ಬಿಡಲಿಲ್ಲ. ಕೆನ್ನೆ ಉಬ್ಬಿಸಿ ಕೂತ ನಮ್ಮನ್ನು ನೋಡಿ ನಂದಾ ನೆಲಕ್ಕೆ ಕಣ್ಣು ನೆಟ್ಟು ಶುರುಮಾಡಿದಳು.

"ಐಸಿಯೂದಾಗ ಕಣ್ಣು ಮುಚ್ಚಿ ಮಲಗಿದ್ನಿರಿ, ಎಚ್ಚರ ಇತ್ತು. ನೋಡಾಕ ಬಂದ ನೆಗೆಣ್ಣಿ, ನಾದಿನಿ ನನ್ನ ಸೀರಿ ಹಂಚ್ಕೊಳ್ಳಾಕತ್ತಿದ್ರು. ಹಸರು ಇಳಕಲ್ ಯಾರಿಗಿ ಅಂತ ಜಗಳ ಬಿತ್ತು. ನನಗ ಎಷ್ಟು ಅಂಜಿಕಿ ಆಗಿತ್ತು ಅಂತ ಯಾರೂ ಕೇಳಲಿಲ್ರಿ. ಈಗೂ ಕಪಾಟ ತೆಗದ್ರ ಮೊದ್ಲ ಸೀರಿ ಎಣಿಸ್ತೀನ್ರಿ."

ಕಪಾಟಿಗೆ ಬೀಗ ಹಾಕು, ಕೀಲಿ ಸೊಂಟಕ್ಕೆ ಸಿಕ್ಕಿಸು ಎಂಬ ಮಾತು ನನ್ನ ಗಂಟಲಿಗೆ ಬಂದಿತ್ತು. ರೊಟ್ಟಿ ತಡೆಯಿತು. ಯಾರೂ ಅಗಿಯಲಿಲ್ಲ. ಬಾಯೊಳಗೇ ಅದು ನೆನೆದು ಮೆತ್ತಗಾಯಿತು, ನುಂಗಿದೆ.

"ಮುಂದ?" ಎಂದೆ.

ನಂದಾ ತಲೆಯೆತ್ತಿದಳು. "ಮುಂದೇನ್ರಿ ಅಕ್ಕಾ, ನಾ ಕಣ್ಣು ತೆಗದೆ. ಇಬ್ರಿಗೂ ಭಾಳ ಬ್ಯಾಸರಾತು."

ಮೊದಲು ನಕ್ಕವಳು ಅವಳೇ. ಉಳಿದವರ ಬಾಯಿಂದ ರೊಟ್ಟಿ ಸಿಡಿಯಿತು. ನಗುತ್ತಲೇ ಅವಳು ಅಳತೊಡಗಿದಳು, ಸಾಕೆನಿಸುವಷ್ಟು ಅತ್ತಳು. ಅಳಬೇಡ ಎಂದು ಯಾರೂ ಹೇಳಲಿಲ್ಲ.

ಮುಂದಿನ ಬುಧವಾರ ಆ ಹಸಿರು ಇಳಕಲ್ ಸೀರೆಯನ್ನೇ ಉಟ್ಟು ಬಂದಳು. ನೆರಿಗೆ ಒಂದು ಕಡೆ ಮೇಲೇರಿತ್ತು. ಹೇಳಲು ನನ್ನ ನಾಲಿಗೆ ತುರಿಸಿತು, ಬುಟ್ಟಿಗೆ ಕೈ ಹಾಕಿದೆ.